ಅಳತೆ ಪುಸ್ತಕದ ದಾನಿಗಳು

ಫೆಬ್ರವರಿ ೧೧

ಅಮ್ಮಾ,

ಕಣ್ಣಿನ ಡಾಕ್ಟರು ಹೇಳಿದ ಹಾಗೆ ದಪ್ಪ ಪೆನ್ನಲ್ಲಿ, ಒಂದು ಸಾಲು ಬಿಟ್ಟು ಒಂದು ಸಾಲು ಬರೀತಿದ್ದೀನಿ. ಅಕ್ಷರ ಒಂದೊಂದೂ ಬಟಾಣಿ ಕಾಳಿನಷ್ಟಿದೆ. ಓದೋಕಾಗಲಿಲ್ಲ ಅಂತ ಇನ್ನು ನೆವ ಹೇಳಬೇಡ.

ಕೆಲಸ ಕಾಯಂ ಆಯ್ತು. ಪ್ರಚಾರ ಕಚೇರಿಯ ದೇಣಿಗೆ ವಿಭಾಗ. ಖಜಾಂಚಿಯವರ ಮೇಜಿನ ಪಕ್ಕದಲ್ಲೇ ನನ್ನ ಮೇಜು. ನಮ್ಮ ಸಾಹೇಬರ ವಿಷಯ ನಿನಗೆ ಗೊತ್ತೇ ಇದೆ. ಒಬ್ಬ ಮನುಷ್ಯ ಒಬ್ಬ ಅಭ್ಯರ್ಥಿಗೆ ಐದು ಸಾವಿರಕ್ಕಿಂತ ಜಾಸ್ತಿ ಕೊಡೋ ಹಾಗಿಲ್ಲ, ಕೊಟ್ಟವರ ಹೆಸರು ಊರಿಗೆಲ್ಲ ಕಾಣೋ ಹಾಗೆ ಪಟ್ಟಿ ಹಾಕಬೇಕು ಅನ್ನೋ ಕಾಯ್ದೆ ನಗರಸಭೆಯಲ್ಲಿ ತಂದವರು ಇವರೇ. ಈಗ ಗೆದ್ದರೆ ಅದನ್ನ ದೇಶಕ್ಕೆಲ್ಲ ತರ್ತಾರೆ. ದುಡ್ಡಿದ್ದವನ ಕೈಯಿಂದ ರಾಜಕೀಯ ಬಿಡಿಸೋದು ಅಂದ್ರೆ ಏನು ಅಂತ ಇಲ್ಲಿ ಕೂತು ನೋಡ್ತಿದ್ದೀನಿ. ಹೆಮ್ಮೆ ಆಗುತ್ತೆ.

ಒಂದು ಸಹಾಯ ಬೇಕು. ನಿನ್ನ ಅಳತೆ ಪುಸ್ತಕ ಕಳಿಸಿಕೊಡು. ಅದರಲ್ಲಿ ನಮ್ಮ ಬೀದಿಯ ಅಷ್ಟೂ ಜನರ ಹೆಸರು, ವಿಳಾಸ ಇದೆಯಲ್ಲ. ಸಾಹೇಬರು ಮನೆಮನೆಗೂ ಒಂದೊಂದು ಕಾಗದ ಬರೀಬೇಕು ಅಂತಿದ್ದಾರೆ. ಎರಡು ವಾರದಲ್ಲಿ ವಾಪಸ್ ಕಳಿಸ್ತೀನಿ.

ನಿನ್ನ,
ಚೂಟಿ

*

ಫೆಬ್ರವರಿ ೧೯

ಚೂಟಿ,

ಬಟಾಣಿ ಅಂತ ಜಂಬ ಕೊಚ್ಚಿಕೊಂಡಿದ್ದೀಯ, ಕಾಗದದ ಕೊನೆಗೆ ಬರೋಷ್ಟರಲ್ಲಿ ಸಾಸಿವೆ ಆಗಿದೆ. ಸ್ಕೂಲಲ್ಲೂ ನಿನಗೆ ಇದೇ ರೋಗ. ಶುರು ಜೋರು, ಕೊನೆ ಅವಸರ.

ನಾನು ಹೇಗಿದ್ದೀನಿ ಅಂತ ನೀನು ಕೇಳಿಲ್ಲ, ಆದ್ರೂ ಹೇಳ್ತೀನಿ. ಈ ತಿಂಗಳ ಕಣ್ಣಿನ ಇಂಜೆಕ್ಷನ್ ಆಯ್ತು. ಬಡವರ ಹಳದಿ ಕಾರ್ಡು ತೋರಿಸಿದೆ, ಪುಕ್ಕಟೆ ಚುಚ್ಚಿದರು. ಕಾರ್ಡಿಲ್ಲದವರಿಗೆ ಅದರ ಬೆಲೆ ಕೇಳಿದೆ, ನನ್ನ ಎರಡು ತಿಂಗಳ ಹೊಲಿಗೆ ದುಡ್ಡು. ಒಂದು ತಿಂಗಳೂ ತಪ್ಪಿಸಬೇಡಿ, ಹೋದ ದೃಷ್ಟಿ ಮತ್ತೆ ಬರಲ್ಲ ಅಂತ ಡಾಕ್ಟರು ಪ್ರತಿ ಸಲವೂ ಹೇಳ್ತಾರೆ. ನಾನೇನು ಹಟಕ್ಕೆ ತಪ್ಪಿಸ್ತೀನಾ.

ಬೀದಿ ಕೊನೆಯ ಗೋಡೆಗೆ ನಿಮ್ಮ ಸಾಹೇಬರ ಪೋಸ್ಟರು ಅಂಟಿಸಿದ್ದಾರೆ. ಬಿಳಿ ಅಂಗಿ ಹಾಕ್ಕೊಂಡು ನಗ್ತಾ ನಿಂತಿದ್ದಾರೆ. ಎಡಗಡೆ ಕಾಲರು ಬಲಗಡೆಗಿಂತ ಕಾಲು ಇಂಚು ಇಳಿದಿದೆ. ಅಷ್ಟು ದೊಡ್ಡ ಪೋಸ್ಟರು ಮಾಡಿಸೋಕೆ ದುಡ್ಡಿದ್ದವರಿಗೆ ಒಬ್ಬ ನೆಟ್ಟಗಿನ ದರ್ಜಿ ಸಿಗಲಿಲ್ಲವಾ?

ಪುಸ್ತಕ ಕಳಿಸಿದ್ದೀನಿ. ಮೂವತ್ತೊಂದು ವರ್ಷದ್ದು, ಜೋಪಾನ. ನಾನೂರ ಹನ್ನೆರಡು ಜನ ಇದ್ದಾರೆ. ಹೆಸರು, ವಿಳಾಸ ಬರ್ಕೊಂಡು ಮುಚ್ಚಿಡು, ಅಳತೆ ಯಾರಿಗೂ ತೋರಿಸಬೇಡ. ಒಬ್ಬರ ಸೊಂಟದ ಸುತ್ತಳತೆ ಇನ್ನೊಬ್ಬರಿಗೆ ನಾನು ಈವರೆಗೆ ಹೇಳಿದವಳಲ್ಲ. ಕೆಳಗಿನ ಮನೆಯ, ಬೀಗದ ಅಂಗಡಿ ಇಟ್ಟಿರೋ ಬೀಗದಣ್ಣನ ಬಲಗಾಲು ಎರಡು ಇಂಚು ಗಿಡ್ಡ ಅನ್ನೋದೂ ಅದರಲ್ಲಿದೆ. ಅವನ ಪ್ಯಾಂಟು ನೆಲಕ್ಕೆ ಸರಿಯಾಗಿ ಕೂರೋದು ನನ್ನಿಂದಲೇ ಅಂತ ಊರಿಗೆ ಗೊತ್ತಾಗೋದು ಬೇಡ.

ಸತ್ತವರ ಹೆಸರಿನ ಮುಂದೆ ಸಣ್ಣ ಅಡ್ಡಗೆರೆ ಎಳೆದಿದ್ದೀನಿ. ಅವರಿಗೆ ಕಾಗದ ಹಾಕಿ ಮನೆಯವರನ್ನ ಅಳಿಸಬೇಡ.

ನಿನ್ನ ಅಮ್ಮ

*

ಏಪ್ರಿಲ್ ೬

ಚೂಟಿ,

ಎರಡು ವಾರ ಅಂದವಳು ಎರಡು ತಿಂಗಳಾಗ್ತಾ ಬಂದ್ರೂ ಪುಸ್ತಕ ಕಳಿಸಿಲ್ಲ. ಅದಿರಲಿ, ಇವತ್ತಿನ ಕಥೆ ಕೇಳು.

ಆಸ್ಪತ್ರೆಗೆ ಹೋದೆ. ಕಿಟಕಿಯ ಗುಮಾಸ್ತೆ ಕಾರ್ಡು ಒಳಗೆ ತಗೊಂಡಳು, ವಾಪಸ್ ಕೊಡಲಿಲ್ಲ. ರದ್ದಾಗಿದೆ ಅಂದಳು. ಯಾಕಮ್ಮಾ ಅಂದೆ. ಅಚ್ಚಾದ ಪಟ್ಟಿ ಒಂದನ್ನ ಗಾಜಿಗೆ ಒತ್ತಿ ಹಿಡಿದು ಬೆರಳಿಟ್ಟು ತೋರಿಸಿದಳು. ನಿಮ್ಮ ಬಿಳಿ ಅಂಗಿ ಸಾಹೇಬರಿಗೆ ದೇಣಿಗೆ ಕೊಟ್ಟವರ ಪಟ್ಟಿ. ಅದರಲ್ಲಿ ನಾನು. ಐದು ಸಾವಿರ. ಐದು ಸಾವಿರ ಎತ್ತಿ ಕೊಡೋರಿಗೆ ಬಡವರ ಕಾರ್ಡು ಯಾಕೆ ಅಂತ ಸರಕಾರ ಕೇಳುತ್ತಂತೆ. ನನ್ನ ಹಿಂದೆ ನಿಂತ ಮುದುಕ ನನ್ನ ಚಪ್ಪಲಿ ನೋಡಿ, 'ದೊಡ್ಡ ಮನಸ್ಸು' ಅಂದ. ನನಗೆ ನಗು ಬಂತು, ಆಮೇಲೆ ಕಣ್ಣಲ್ಲಿ ನೀರು ಬಂತು. ಇಂಜೆಕ್ಷನ್ ಆಗಲಿಲ್ಲ.

ಮನೆಗೆ ಬಂದರೆ ಬೀಗದಣ್ಣ ಮೆಟ್ಟಿಲ ಮೇಲೆ ಕೂತಿದ್ದಾನೆ. ಅವನೂ ಐದು ಸಾವಿರ ಕೊಟ್ಟಿದ್ದಾನಂತೆ. ಕುಂಟುಗಾಲಿನವನು ಅಂತ ನಗರಸಭೆಯವರು ಅವನಿಗೆ ಅರ್ಧ ಬಾಡಿಗೆಯಲ್ಲಿ ಮನೆ ಕೊಟ್ಟಿದ್ದರಲ್ಲ, ಅದನ್ನ ನಿಲ್ಲಿಸಿದ್ದಾರೆ. 'ಅಕ್ಕಾ, ನಾನು ಯಾರಿಗೋ ಐದು ಸಾವಿರ ಕೊಟ್ಟೆನಂತೆ, ಕೊಡುವಾಗ ನೀನು ನೋಡಿದ್ಯಾ?' ಅಂತ ಕೇಳ್ತಾನೆ.

ಇದು ಯಾರದೋ ಎಡವಟ್ಟು. ನಾಳೆ ಚುನಾವಣಾ ಕಚೇರಿಗೆ ಹೋಗಿ ಇದು ಸುಳ್ಳು ಅಂತ ಬರೆದುಕೊಟ್ಟು ಬರೋಣ ಅಂತ ಇಬ್ಬರೂ ಮಾತಾಡಿಕೊಂಡೆವು. ಆಮೇಲೆ ಯೋಚನೆ ಬಂತು, ನೀನು ಅದೇ ವಿಭಾಗದಲ್ಲಿದ್ದೀಯ, ನಿನ್ನನ್ನ ಕೇಳದೆ ಹೋದರೆ ನಿನಗೇ ಕೆಟ್ಟ ಹೆಸರು. ಅದಕ್ಕೆ ಅವನನ್ನೂ ನಾಲ್ಕು ದಿನ ತಡೆದಿದ್ದೀನಿ. ಬೇಗ ಉತ್ತರ ಬರಿ.

ಅಮ್ಮ

*

ಏಪ್ರಿಲ್ ೯

ಅಮ್ಮಾ,

ಹೋಗಬೇಡ. ಬೀಗದ ಮಾಮನನ್ನೂ ಕಳಿಸಬೇಡ. ಫೋನಲ್ಲಿ ಈ ಮಾತು ಎತ್ತಬೇಡ, ಇಲ್ಲಿ ಎಲ್ಲರ ಕಿವಿಯೂ ತೆರೆದಿರುತ್ತೆ.

ನಿನ್ನ ಹತ್ತಿರ ಮುಚ್ಚಿಡೋಕೆ ನನಗಾಗಲ್ಲ. ಒಬ್ಬ ರಸ್ತೆ ಗುತ್ತಿಗೆದಾರ ಇಪ್ಪತ್ತು ಲಕ್ಷ ಕೊಟ್ಟ. ಒಬ್ಬನಿಂದ ಅಷ್ಟು ತಗೊಳ್ಳೋಕೆ ಸಾಹೇಬರ ಕಾಯ್ದೆಯೇ ಬಿಡಲ್ಲ. ಅದನ್ನ ಐದೈದು ಸಾವಿರ ಮಾಡಿ, ಒಂದೊಂದಕ್ಕೂ ಒಬ್ಬೊಬ್ಬ ಮನುಷ್ಯನನ್ನ ತೋರಿಸಬೇಕಿತ್ತು. ನಿಜವಾದ ಹೆಸರು, ನಿಜವಾದ ವಿಳಾಸ ಇರೋ ಮನುಷ್ಯರು. ಖಜಾಂಚಿ ನನ್ನನ್ನ ಕೇಳಿದರು, ನನಗೆ ನಿನ್ನ ಪುಸ್ತಕ ನೆನಪಾಯ್ತು. ರಸೀದಿ ಬರೆದದ್ದು ನಾನು. ಸಹಿಗಳನ್ನ ಹಾಕಿದ್ದೂ ನಾನೇ, ಕೆಲವು ಎಡಗೈಯಲ್ಲಿ. ಅಡ್ಡಗೆರೆ ಇದ್ದವರನ್ನೆಲ್ಲ ಬಿಟ್ಟೆ ಅಮ್ಮಾ, ಅಷ್ಟು ಮರ್ಯಾದೆ ಉಳಿಸಿಕೊಂಡೆ. ನಾನೂರಕ್ಕೆ ಒಂದು ಹೆಸರು ಕಮ್ಮಿ ಬಿತ್ತು, ಅದಕ್ಕೆ ಮೊದಲ ಪುಟದ ನಿನ್ನ ಹೆಸರನ್ನೂ ಸೇರಿಸಬೇಕಾಯ್ತು. ಕಾರ್ಡಿಗೂ ಆ ಪಟ್ಟಿಗೂ ತಾಳೆ ನೋಡ್ತಾರೆ ಅಂತ ನಮಗ್ಯಾರಿಗೂ ಹೊಳೀಲಿಲ್ಲ.

ನೀನು 'ಕೊಟ್ಟಿಲ್ಲ' ಅಂದರೆ ಮೊದಲು ಹಿಡಿಯೋದು ನನ್ನ ಕೈಬರಹವನ್ನ. ಮೂರು ವರ್ಷ ಜೈಲು. ಚುನಾವಣೆಗೆ ಇನ್ನು ಎರಡು ತಿಂಗಳಿಲ್ಲ. ಆಮೇಲೆ ಎಲ್ಲ ಸರಿಮಾಡಿಸ್ತೀನಿ. ಇಂಜೆಕ್ಷನ್ನಿನ ದುಡ್ಡು ಪ್ರತಿ ತಿಂಗಳೂ ನಾನೇ ಕಳಿಸ್ತೀನಿ, ನನ್ನಾಣೆ.

ಎದುರಿನವರು ಇದರ ಹತ್ತರಷ್ಟು ಖರ್ಚು ಮಾಡ್ತಿದ್ದಾರೆ. ಬರಿಗೈಯಲ್ಲಿ ನಿಂತು ಸೋತರೆ ಒಳ್ಳೆ ಕಾಯ್ದೆ ತರೋರು ಯಾರು, ನೀನೇ ಹೇಳು.

ಚೂಟಿ

*

ಏಪ್ರಿಲ್ ೧೫

ಚೂಟಿ,

ನನ್ನನ್ನ ಕೇಳಬೇಡ. ನಾನು ದರ್ಜಿ. ಕಾಯ್ದೆ ಯಾರು ತರಬೇಕು ಅಂತ ನನಗೆ ಗೊತ್ತಿಲ್ಲ, ಆದ್ರೆ ಬಟ್ಟೆ ಕದ್ದು ಹೊಲಿದ ಅಂಗಿಯನ್ನ ನಾನು ಯಾರಿಗೂ ತೊಡಿಸಿಲ್ಲ.

ನಾನೂರು ಜನ ನನ್ನ ಮುಂದೆ ಕೈ ಅಗಲಿಸಿ ನಿಂತು ಅಳತೆ ಕೊಟ್ಟರು. ಹೊಟ್ಟೆ ಬಂದದ್ದು, ಬೆನ್ನು ಬಾಗಿದ್ದು, ಬಸುರಾದದ್ದು ಗಂಡನಿಗಿಂತ ಮೊದಲು ನನಗೆ ಗೊತ್ತಾದದ್ದು, ಎಲ್ಲ ಆ ಪುಸ್ತಕದಲ್ಲಿದೆ. ನೀನು ಅದನ್ನ ಗುತ್ತಿಗೆದಾರನಿಗೆ ಮಾರಿದೆ. ಸತ್ತವರನ್ನ ಬಿಟ್ಟೆ ಅಂತ ಹೇಳ್ಕೋತೀಯ. ಬದುಕಿದ್ದವರು ಏನು ಮಾಡಿದ್ದರು ನಿನಗೆ? ಬೀಗದಣ್ಣ ನಿನಗೆ ಸೈಕಲ್ ಕಲಿಸಿದವನು, ಆ ಕಾಲಿಟ್ಟುಕೊಂಡು ನಿನ್ನ ಹಿಂದೆ ಓಡಿದವನು.

ನೀನು ಎದುರಿಗಿದ್ದಿದ್ರೆ ಕೈಯಲ್ಲಿದ್ದ ಸ್ಕೇಲಿನಿಂದಲೇ ಬಾರಿಸ್ತಿದ್ದೆ.

ಆದ್ರೆ ನಾನು ಹೋಗಲಿಲ್ಲ. ಬೀಗದಣ್ಣನಿಗೆ, 'ಸರಕಾರದ ತಪ್ಪು, ತಾನಾಗಿ ಸರಿಹೋಗುತ್ತೆ, ಓಡಾಡಿ ಕಾಲು ನೋಯಿಸಿಕೋಬೇಡ' ಅಂದೆ. ಅವನು ನಂಬಿದ. 'ದೇಣಿಗೆ ಕೊಟ್ಟವನಿಗೆ ಒಂದು ಕಪ್ ಚಹಾ ಕೊಡು' ಅಂತ ತಮಾಷೆ ಮಾಡಿದ. ನಾನೂ ಅವನ ಜೊತೆ ನಕ್ಕೆ. ಹಾಗೆ ನಕ್ಕೆ ಅನ್ನೋದು ನಿನಗೂ ಗೊತ್ತಿರಲಿ, ಅದಕ್ಕೆ ಬರೀತಿದ್ದೀನಿ.

ಏಪ್ರಿಲ್ ಇಂಜೆಕ್ಷನ್ ಬಾಕಿ. ದುಡ್ಡು ಕಳಿಸು. ಅವನ ಮನೆಗೂ ಏನಾದ್ರೂ ಮಾಡು.

ಅಮ್ಮ

*

ಮೇ ೩

ಅಮ್ಮಾ,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಆದ್ರೆ ನೀನು ಹೋಗಲಿಲ್ಲವಲ್ಲ, ಅದು ನಿನ್ನ ದೊಡ್ಡತನ.

ದುಡ್ಡು ಮುಂದಿನ ವಾರ. ಖಜಾಂಚಿ ಎಲ್ಲರ ಸಂಬಳವನ್ನ ಮತದಾನದವರೆಗೆ ತಡೆದಿದ್ದಾರೆ, ಎಲ್ಲ ಪೋಸ್ಟರಿಗೇ ಹೋಗ್ತಿದೆ. ಇಲ್ಲೊಬ್ಬ ಡಾಕ್ಟರು ಬರ್ತಿರ್ತಾರೆ, ಕೇಳಿದೆ. ಒಂದೆರಡು ತಿಂಗಳು ತಡವಾದರೆ ಎಲ್ಲರಿಗೂ ಒಂದೇ ಥರ ಆಗಲ್ಲ ಅಂದರು. ಹಲ್ಲಿನ ಡಾಕ್ಟರು, ಆದ್ರೂ ಡಾಕ್ಟರೇ ತಾನೆ. ಧೈರ್ಯವಾಗಿರು.

ಬೀಗದ ಮಾಮನ ವಿಷಯ ಈಗ ಎತ್ತೋ ಹಾಗಿಲ್ಲ. ಅವರೊಬ್ಬರಿಗೆ ಮಾಡಿದರೆ ಯಾಕೆ ಮಾಡಿದಿರಿ ಅಂತ ಕೇಳ್ತಾರೆ.

ಒಂದು ಮಾತು. ಚುನಾವಣಾ ಕಚೇರಿಯವರು ಮನೆಮನೆಗೆ ಬಂದು ವಿಚಾರಿಸಬಹುದು. ಬಂದರೆ ನೀನು 'ಕೊಟ್ಟೆ' ಅನ್ನು, ಸಾಕು.

ಚೂಟಿ

*

ಮೇ ೨೦

ಚೂಟಿ,

ಸಾಲು ಓಡಿಹೋಗದ ಹಾಗೆ ಕಾಗದದ ಮೇಲೆ ಸ್ಕೇಲು ಅಡ್ಡ ಇಟ್ಟು ಬರೀತಿದ್ದೀನಿ. ಅಕ್ಷರದ ಮೇಲೆ ಅಕ್ಷರ ಬಿದ್ದಿದ್ರೆ ಹೊಂದಿಸ್ಕೊಂಡು ಓದು. ನಿನ್ನ ಹೋದ ಕಾಗದವನ್ನ ಬಾಗಿಲ ಬಿಸಿಲಿಗೆ ಹಿಡಿದು ಅರ್ಧ ದಿನ ಓದಿದೆ. ಬೇರೆಯವರ ಕೈಲಿ ಓದಿಸೋ ಅಂಥ ಕಾಗದವಾ ನೀನು ಬರೆಯೋದು?

ಎಡಗಣ್ಣಲ್ಲಿ ನಡುವೆ ಒಂದು ಕಪ್ಪು ಕಲೆ ಕೂತಿದೆ. ಯಾರ ಮುಖ ನೋಡಿದ್ರೂ ಕಿವಿ ಕಾಣುತ್ತೆ, ಮೂಗು ಕಾಣಲ್ಲ. ಬಲಗಣ್ಣೂ ಅದೇ ದಾರಿ ಹಿಡಿದಿದೆ. ಸೂಜಿಗೆ ದಾರ ಪೋಣಿಸೋಕೆ ಬೀಗದಣ್ಣ ಬರ್ತಾನೆ. ಹೋದ ವಾರ ಅವನಿಗೊಂದು ಅಂಗಿ ಹೊಲಿದೆ, ಜೇಬು ಒಳಗಡೆಗೆ ಸೇರಿಸಿಬಿಟ್ಟಿದ್ದೀನಿ. ಬಿಚ್ಚಿಕೊಡ್ತೀನಿ ಅಂದ್ರೆ ಕೊಡಲಿಲ್ಲ, 'ಕಳ್ಳರಿಗೆ ಸಿಗಲ್ಲ, ಇದೇ ಒಳ್ಳೇದು' ಅಂತ ಹಾಕ್ಕೊಂಡು ಓಡಾಡ್ತಾನೆ. ಅವನಿಗೆ ಮನೆ ಹೋಯ್ತು. ಬೀಗದ ಅಂಗಡಿಯಲ್ಲೇ ಹಲಗೆ ಹಾಸ್ಕೊಂಡು ಮಲಗ್ತಾನೆ. ಕಾಲು ಪೂರ್ತಿ ಚಾಚೋಕೆ ಜಾಗ ಇಲ್ಲ.

ಸ್ಕೂಲಿನವರು ಈ ವರ್ಷ ಯೂನಿಫಾರಂ ಹೊಲಿಯೋ ಕೆಲಸ ಬೇರೆಯವರಿಗೆ ಕೊಟ್ಟರು. ಅವರ ತಪ್ಪಲ್ಲ.

ನೀನು ಹೇಳಿದ ಹಾಗೆ ಅವರು ಬಂದರು. ಇಬ್ಬರು, ಒಬ್ಬ ಕೇಳೋನು, ಒಬ್ಬ ಬರ್ಕೊಳ್ಳೋನು. ನಾನು ಮೆಷಿನ್ನಿನ ಮುಂದೆ ಕೂತಿದ್ದೆ. ಐದು ಸಾವಿರ ಕೊಟ್ಟಿರಾ? ಕೊಟ್ಟೆ. ಎಲ್ಲಿಂದ ಬಂತು? ಹೊಲಿದು ಉಳಿಸಿದ್ದು. ಬರ್ಕೊಳ್ಳೋನು ಸ್ವಲ್ಪ ಹೊತ್ತು ಬರೀಲಿಲ್ಲ, ಪೆನ್ನಿನ ಸದ್ದು ನಿಂತಿತ್ತು. ಆಮೇಲೆ ಬರ್ಕೊಂಡ.

ಬೀಗದಣ್ಣ ಕೊಟ್ಟಿಲ್ಲ ಅಂದ. ಮಿಕ್ಕವರೂ ಅದನ್ನೇ ಅಂದರು. ಇಡೀ ಬೀದಿಯಲ್ಲಿ ಕೊಟ್ಟವಳು ನಾನೊಬ್ಬಳೇ. ಹಾಗಾದ್ರೆ ನಿಮ್ಮೆಲ್ಲರ ಹೆಸರು ಅವರಿಗೆ ಹೇಗೆ ಸಿಕ್ಕಿತು ಅಂತ ಕೇಳಿದರಂತೆ. ಯಾರಿಗೂ ಗೊತ್ತಿಲ್ಲ. ಎಲ್ಲರೂ ಈಗ ನನ್ನನ್ನ ಒಂಥರಾ ನೋಡ್ತಾರಂತೆ. ನನಗೆ ಕಾಣಲ್ಲ, ಅಷ್ಟು ಪುಣ್ಯ.

ದುಡ್ಡು ಬಂದಿಲ್ಲ ಅಂತ ಮತ್ತೆ ಬರೆಯೋಕೆ ನಾಚಿಕೆ ಆಗುತ್ತೆ. ಬರೆದೆ.

ಅಮ್ಮ

*

ಜೂನ್ ೧೪

ಅಮ್ಮಾ,

ಇನ್ನೂ ದೊಡ್ಡದಾಗಿ ಬರೆದಿದ್ದೀನಿ, ಪುಟಕ್ಕೆ ಆರೇ ಸಾಲು. ನೀನೊಬ್ಬಳೇ ಓದು, ಓದಿ ಸುಟ್ಟುಹಾಕು. ಯಾರಿಗೂ ತೋರಿಸಬೇಡ.

ಗೆದ್ದೆವು. ಹತ್ತೊಂಬತ್ತು ಸಾವಿರ ಮತದಿಂದ. ವೇದಿಕೆಯ ಮೇಲೆ ನಾನೂ ಇದ್ದೆ. ಅಲ್ಲಿ ನಿಲ್ಲೋರೆಲ್ಲ ಬಿಳಿ ಕೋಟು ಹೊಲಿಸ್ಕೋಬೇಕು ಅಂದರು, ತಡೆದಿಟ್ಟ ಸಂಬಳ ಬಂದದ್ದು ಅದಕ್ಕೇ ಹೋಯ್ತು. ಇಲ್ಲಿನ ದರ್ಜಿಗೆ ಕೈಯೇ ಇಲ್ಲ, ತೋಳು ಗಿಡ್ಡ ಮಾಡಿದ್ದಾನೆ. ನೀನು ಹೊಲಿದಿದ್ರೆ ಹಾಗಾಗ್ತಿರಲಿಲ್ಲ. ಇಂಜೆಕ್ಷನ್ ದುಡ್ಡು ಮುಂದಿನ ತಿಂಗಳು ಖಂಡಿತ.

ಈಗ ಹೇಳೋದನ್ನ ಸಮಾಧಾನದಿಂದ ಓದು. ವಿಚಾರಣೆ ನಿಂತಿಲ್ಲ. ಇಡೀ ಬೀದಿ ಇಲ್ಲ ಅಂದಿದೆ, ನೀನೊಬ್ಬಳು ಹೌದು ಅಂದಿದ್ದೀಯ. ಖಜಾಂಚಿಯವರ ವಕೀಲರಿಗೆ ಅದರಲ್ಲೇ ದಾರಿ ಕಂಡಿತು. ಬೀದಿಯ ದರ್ಜಿ ತಾನಾಗಿ ಮುಂದೆ ಬಂದು ದೇಣಿಗೆ ಎತ್ತಿಕೊಡ್ತೀನಿ ಅಂದಳು, ದುಡ್ಡು ಎಲ್ಲಿಂದಲೋ ತಂದಳು, ತನ್ನ ಪುಸ್ತಕ ನೋಡಿಕೊಂಡು ರಸೀದಿಗಳನ್ನ ತಾನೇ ತುಂಬಿದಳು, ಕಚೇರಿಯವರು ನಂಬಿ ಮೋಸ ಹೋದರು. ಹೀಗೆ ಹೇಳಿಕೆ ಬರೆದರು. ನಾನು ಸಹಿ ಹಾಕಿದೆ. ಹಾಕದಿದ್ರೆ ಎಲ್ಲ ನನ್ನ ಮೇಲೆ ಬರ್ತಿತ್ತು. ಪುಸ್ತಕವನ್ನೂ ಚುನಾವಣಾ ಕಚೇರಿಗೆ ಒಪ್ಪಿಸಿದ್ದೀವಿ. ಅದರ ಅಕ್ಷರ ನಿನ್ನದು, ನನ್ನ ಅಕ್ಷರವೂ ನಿನ್ನ ಥರಾನೇ ಅಲ್ಲವಾ, ನೀನೇ ತಾನೆ ತಿದ್ದಿಸಿದ್ದು.

ನಿನಗೇನೂ ಆಗಲ್ಲ. ಕಣ್ಣು ಕಾಣದ ವಯಸ್ಸಾದ ಹೆಂಗಸನ್ನ ಯಾವ ನ್ಯಾಯಾಧೀಶರೂ ಒಳಗೆ ಹಾಕಲ್ಲ ಅಂತಾರೆ ವಕೀಲರು. ನಿನ್ನ ಕಣ್ಣು ಹೀಗಾಗಿರೋದು ಒಂದು ಲೆಕ್ಕಕ್ಕೆ ಅನುಕೂಲವೇ ಆಯ್ತು ಅಂದರು. ಇಪ್ಪತ್ತೆಂಟನೇ ತಾರೀಕು ಬೆಳಗ್ಗೆ ಹತ್ತಕ್ಕೆ ಚುನಾವಣಾ ಕಚೇರಿಯವರು ಮತ್ತೆ ಬರ್ತಾರೆ. ಇನ್ನೊಂದು ಸಲ ಹೌದು ಅನ್ನು, ಇದೊಂದೇ ಸಲ.

ದೇಣಿಗೆ ಕಾಯ್ದೆಯನ್ನ ಸಾಹೇಬರು ಮೊದಲ ಅಧಿವೇಶನದಲ್ಲೇ ಮಂಡಿಸ್ತಾರೆ. ಅದರ ಕರಡನ್ನ ನನ್ನ ಕೈಲೇ ನಕಲು ಮಾಡಿಸಿದರು. ನನಗೀಗ ಕಿಟಕಿ ಇರೋ ಕೋಣೆ ಕೊಟ್ಟಿದ್ದಾರೆ.

ನಿನ್ನ,
ಚೂಟಿ

*

ಜೂನ್ ೨೭

ಚೂಟಿ,

ಈ ಕೈಬರಹ ಬೀಗದಣ್ಣನದು. ನಾನು ಹೇಳ್ತೀನಿ, ಅವನು ಬರೀತಾನೆ. ನಾನು ಹೇಳಿದ್ದನ್ನ ಹಾಗೇ ಬರೀಬೇಕು, ಮೆತ್ತಗೆ ಮಾಡಬಾರದು ಅಂತ ಮೊದಲೇ ಮಾತು ತಗೊಂಡಿದ್ದೀನಿ.

ನಿನ್ನ ಕಾಗದ ಬಂದು ಹತ್ತು ದಿನ ನನ್ನ ಹತ್ತಿರವೇ ಇತ್ತು. ಬಿಸಿಲಿಗೆ ಹಿಡಿದೆ, ದೀಪಕ್ಕೆ ಹಿಡಿದೆ. ಪುಟಕ್ಕೆ ಆರೇ ಸಾಲು ಬರೆದಿದ್ದೀಯಂತೆ, ನನಗೆ ಒಂದು ಸಾಲೂ ಕಾಣಲಿಲ್ಲ. ಮಸಿ ಚೆಲ್ಲಿದ ಹಾಗೆ ಕಂಡಿತು. ಮುಟ್ಟಿ ನೋಡಿದೆ, ದಪ್ಪ ಇತ್ತು. ನಿಮ್ಮ ಸಾಹೇಬರು ಗೆದ್ದ ಸುದ್ದಿ ರೇಡಿಯೋದಲ್ಲಿ ಬಂದಿತ್ತಲ್ಲ. ಮಗಳು ಗೆದ್ದಿದ್ದಾಳೆ, ಇನ್ನು ಕೆಟ್ಟದ್ದೇನು ಬರೆದಿರ್ತಾಳೆ, ಕ್ಷಮಿಸು ಅಂತ ಬರೆದಿರ್ತಾಳೆ, ಇಂಜೆಕ್ಷನ್ ವಿಷಯ ಬರೆದಿರ್ತಾಳೆ ಅಂದ್ಕೊಂಡೆ. ಇವತ್ತು ಬೆಳಗ್ಗೆ ಇವನನ್ನ ಕರೆದು ಕೂರಿಸಿ, 'ಜೋರಾಗಿ ಓದು' ಅಂದೆ.

ಓದಿದ. 'ಯಾರಿಗೂ ತೋರಿಸಬೇಡ' ಅನ್ನೋ ಕಡೆ ನಿಲ್ಲಿಸಿ, 'ಅಕ್ಕಾ, ಮುಂದೆ ಓದಲಾ?' ಅಂದ. ಓದು ಅಂದೆ. ಕೋಟಿನ ತೋಳು ಗಿಡ್ಡ ಆದದ್ದನ್ನೂ ಓದಿದ. ಕಿಟಕಿಯನ್ನೂ ಓದಿದ. ತನ್ನ ಮನೆ ಹೋದದ್ದು ಯಾರಿಂದ ಅಂತ ನನ್ನ ಮುಂದೆ ಕೂತು, ನನ್ನ ಮಗಳ ಕಾಗದದಲ್ಲಿ ತಾನೇ ಓದಿ ತಿಳ್ಕೊಂಡ. ಮುಗಿದ ಮೇಲೆ ಕಾಗದ ಮಡಿಸೋ ಸದ್ದು ಕೇಳಿಸಿತು. ನನಗೆ ಅವನ ಮುಖ ಕಾಣಲಿಲ್ಲ. ಎದ್ದು ಹೋಗ್ತಾನೆ ಅಂದ್ಕೊಂಡೆ, ಹೋಗಲಿಲ್ಲ. 'ಅಕ್ಕಾ, ನಿನಗೆ ಏಪ್ರಿಲಲ್ಲೇ ಗೊತ್ತಿತ್ತಾ?' ಅಂತ ಒಂದೇ ಮಾತು ಕೇಳಿದ. ಗೊತ್ತಿತ್ತು ಅಂದೆ. ಅದಕ್ಕಿಂತ ದೊಡ್ಡ ಶಿಕ್ಷೆಯನ್ನ ನಾಳೆ ಬರೋರು ನನಗೆ ಕೊಡಲಾರರು.

ನಾಳೆ ಹೌದು ಅಂತೀನಿ. ದುಡ್ಡು ನಾನೇ ತಂದೆ, ರಸೀದಿ ನಾನೇ ಬರೆದೆ, ಸಹಿ ನಾನೇ ಹಾಕಿದೆ. ನಿನ್ನ ಮೇಲಿನ ಮಮತೆಗೆ ಅಂತ ತಿಳ್ಕೋಬೇಡ. ಪುಸ್ತಕ ಕೊಟ್ಟವಳು ನಾನು, ಬಾಯಿ ಮುಚ್ಚಿಕೊಂಡು ಇವನ ಜೊತೆ ನಕ್ಕವಳು ನಾನು. ಅಷ್ಟರ ಮಟ್ಟಿಗೆ ನಿಮ್ಮ ವಕೀಲ ಸರಿಯಾಗೇ ಬರೆದಿದ್ದಾನೆ.

ನಿನ್ನ ಕಾಗದ ಸುಡು ಅಂದಿದ್ದೆಯಲ್ಲ, ಸುಡಿಸಿದೆ. ಇವನ ಕೈಲೇ ಸುಡಿಸಿದೆ. ಮುಖಕ್ಕೆ ಬಿಸಿ ತಾಗೋವರೆಗೆ ಹತ್ತಿರ ಕೂತು ಖಾತ್ರಿ ಮಾಡ್ಕೊಂಡೆ.

ನೀನು ಬರಬೇಡ. ಬಂದ್ರೂ ನಿನ್ನ ಮುಖ ನನಗೆ ಕಾಣಲ್ಲ, ಇವತ್ತು ಮೊದಲ ಸಲ ಅದಕ್ಕೆ ಸಂತೋಷ ಆಗ್ತಿದೆ. ಪುಸ್ತಕ ಎಂದಾದ್ರೂ ವಾಪಸ್ ಬಂದ್ರೆ ಮೊದಲ ಪುಟ ತೆಗಿ. ನನ್ನ ಹೆಸರಿನ ಮುಂದೆ ಒಂದು ಅಡ್ಡಗೆರೆ ಎಳ್ಕೋ.

ಸಹಿ ಮಾತ್ರ ನಾನೇ ಹಾಕ್ತೀನಿ, ಗೆರೆಯ ಮೇಲೆ ಬೀಳುತ್ತೋ ಇಲ್ಲವೋ.

ಅಮ್ಮ

ಚೂಟಿ, ಇಲ್ಲಿಂದ ಕೆಳಗಿನದು ನನ್ನ ಮಾತು, ಅಕ್ಕ ಹೇಳಿದ್ದಲ್ಲ. ಸಹಿ ಹಾಕಿ ಒಳಗೆ ಹೋಗಿದ್ದಾಳೆ, ಗೋಡೆ ಹಿಡ್ಕೊಂಡು ಹೋದಳು. ಅವಳು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಬರೆದಿದ್ದೀನಿ. ಒಂದು ಮಾತ್ರ ಸರಿಯಿಲ್ಲ, ಅದು ಅವಳಿಗೆ ಗೊತ್ತಿಲ್ಲ. ನಾನು ಸುಟ್ಟದ್ದು ಮನೆ ಖಾಲಿ ಮಾಡಿ ಅಂತ ನನಗೆ ಬಂದಿದ್ದ ನೋಟೀಸು. ಅದೂ ಅಷ್ಟೇ ದಪ್ಪದ ಕಾಗದ. ನಿನ್ನದು ಅವಳು ಒಳಗಡೆಗೆ ಹೊಲಿದ ಜೇಬಿನಲ್ಲಿದೆ. ನಾಳೆ ಹತ್ತಕ್ಕೆ ಆ ಇಬ್ಬರು ಬಂದಾಗ ನಾನು ಅವಳ ಪಕ್ಕದಲ್ಲೇ ಇರ್ತೀನಿ. ಅವಳು ಹೌದು ಅಂದ ತಕ್ಷಣ ತೆಗೆದು ಅವರ ಕೈಗೆ ಕೊಡ್ತೀನಿ. ಕಾಗದದ ಸದ್ದು ಅವಳಿಗೆ ಕೇಳಬಹುದು, ಏನು ಅಂತ ಕೇಳಿದ್ರೆ ನನ್ನ ಅಂಗಡಿಯ ಬಿಲ್ಲು ಅಂತೀನಿ.

ಇದನ್ನ ಈಗಲೇ ಅಂಚೆಗೆ ಹಾಕ್ತೀನಿ, ಅಕ್ಕನಿಗೆ ಹಾಗಂತ ಮಾತು ಕೊಟ್ಟಿದ್ದೀನಿ. ನಿನ್ನ ಕೈ ಸೇರೋಕೆ ಮೂರು ದಿನ ಬೇಕು.

ಬೀಗದ ಮಾಮ